ಕಡತಕ್ಕೆ ನಿಜವಾದ ಪೂಜೆ



ಇಂದಿನ ಶಿವಾನುಭವಗೋಷ್ಠಿಗೆ ನಾವು ಆರಿಸಿಕೊಂಡ ವಿಷಯ ನಿಮ್ಮಲ್ಲಿ ಕೆಲವರಿಗೆ ಹೊಸದೆನಿಸಬಹುದು. ಅಷ್ಟಾವರಣ, ಪಂಚಾಚಾರ, ಷಟ್‌ಸ್ಥಲಗಳ ವಿಚಾರ ಕೇಳಲು ಬಂದವರ ಮುಂದೆ ಹಳೆಯ ಕಾಗದಪತ್ರಗಳ ಮಾತೇಕೆ ಎಂದು ನೀವು ಕೇಳಬಹುದು. ಮಾತು ಮುಗಿಯುವಷ್ಟರಲ್ಲಿ ಇದೂ ಧರ್ಮದ ವಿಷಯವೇ ಎಂಬುದು ಮನವರಿಕೆಯಾದೀತೆಂದು ನಂಬಿದ್ದೇವೆ.

'ಇತಿಹಾಸ' ಎಂಬ ಶಬ್ದವನ್ನು ಬಿಡಿಸಿದರೆ ಇತಿ, ಹ, ಆಸ ಎಂದು ಮೂರು ಪದಗಳಾಗುತ್ತವೆ. 'ಹೀಗೆ ನಿಶ್ಚಯವಾಗಿ ಇತ್ತು' ಎಂದು ಅದರ ಅರ್ಥ. ಹೀಗೆ ಇದ್ದಿರಬಹುದು ಎಂದಲ್ಲ. ಹೀಗಿದ್ದರೆ ಚೆನ್ನಾಗಿತ್ತು ಎಂದೂ ಅಲ್ಲ. ನಿಶ್ಚಯವಾಗಿ ಎನ್ನಬೇಕಾದರೆ ಪ್ರಮಾಣ ಬೇಕು. ಆ ಪ್ರಮಾಣವು ಕತ್ತಲೆಯ ಕೋಣೆಯಲ್ಲಿ ಗಂಟು ಕಟ್ಟಿಕೊಂಡು ಕುಳಿತಿದ್ದರೆ ಅದು ಇದ್ದೂ ಇಲ್ಲದಂತೆ. ಹತ್ತು ಜನರ ಕಣ್ಣಿಗೆ ಬಿದ್ದಾಗಲೇ ಪ್ರಮಾಣಕ್ಕೆ ಪ್ರಮಾಣತ್ವ ಬರುತ್ತದೆ.

ಇದಕ್ಕೊಂದು ನಿದರ್ಶನ ಕೇಳಿರಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ಲೀಟ್ ಎಂಬ ಆಂಗ್ಲ ವಿದ್ವಾಂಸರು ನಮ್ಮ ನಾಡಿನ ಅನೇಕ ಶಾಸನಗಳನ್ನು ಓದಿ ಪ್ರಕಟಿಸಿ ಉಪಕಾರ ಮಾಡಿದರು. ಈಗಿನ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನದಲ್ಲಿ ಅವರಿಗೆ ಏಕಾಂತದ ರಾಮಯ್ಯನ ಕಥೆ ದೊರೆಯಿತು. ಬಸವಣ್ಣನವರ ಹೆಸರು ಮಾತ್ರ ಯಾವ ಕಲ್ಲಿನ ಮೇಲೂ ಅವರ ಕಣ್ಣಿಗೆ ಬೀಳಲಿಲ್ಲ. ಆದ್ದರಿಂದ ಪುರಾಣಗಳು ಹೇಳುವ ಬಸವಣ್ಣನವರ ಚರಿತ್ರೆಯನ್ನೇ ಅವರು ಸಂಶಯದಿಂದ ಕಂಡರು. ಅವರನ್ನು ನಾವು ಬೈದು ಫಲವಿಲ್ಲ. ಕಂಡದ್ದನ್ನು ಅವರು ಹೇಳಿದರು. ಮುಂದೆ ಬೆಳಗಾವಿ ಜಿಲ್ಲೆ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ ಶಾಸನ ಅಚ್ಚಾಗಿ ಹೊರಬಂತು. ಅದು 1260ರ ಕಲ್ಲು. ಅದರಲ್ಲಿ ಬಾಗೇವಾಡಿಯ ಹೆಸರಿದೆ, ಮಾದಿರಾಜನ ಹೆಸರಿದೆ, ಬಸವರಾಜನ ಹೆಸರಿದೆ. ಸಂಶಯದ ಬಲ ಉಡುಗಿತು. ಆ ಕಲ್ಲು ಮೊದಲೂ ಊರಲ್ಲಿಯೇ ನಿಂತಿತ್ತು. ಓದುವವರ ಕೈಗೆ ಬಂದಿರಲಿಲ್ಲ, ಅಷ್ಟೆ.

ಹಳೆಯ ಮೈಸೂರು ಸೀಮೆಯಲ್ಲಿ ಈ ಕೆಲಸವನ್ನು ಕ್ರಮಬದ್ಧವಾಗಿ ಮಾಡಿದವರು ಬಿ. ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಕುಂಚದಿಂದ ತಟ್ಟಿ, ಮಸಿ ಒತ್ತಿ ಅಕ್ಷರಗಳ ಪಡಿಯಚ್ಚು ತೆಗೆಯುವುದು ಈ ಶಾಸ್ತ್ರದ ರೀತಿ. ಹಾಗೆ ಸಂಗ್ರಹಿಸಿದ ಸುಮಾರು 9,000 ಶಾಸನಗಳನ್ನು ಅವರು 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ 12 ಸಂಪುಟಗಳಲ್ಲಿ ಪ್ರಕಟಿಸಿದರು. 1886ರಲ್ಲಿ ಕೊಡಗಿನ ಸಂಪುಟದಿಂದ ಆರಂಭವಾಗಿ ಇಪ್ಪತ್ತು ವರ್ಷಗಳೊಳಗೆ ಅಷ್ಟೂ ಮುಗಿಯಿತು. 1972ರಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಅವುಗಳನ್ನು ಪರಿಷ್ಕರಿಸಿ ಮತ್ತೆ ಹೊರತಂದಿದೆ.

ಆ ಸಂಪುಟಗಳ ಜೋಡಣೆಯನ್ನು ನೀವು ಗಮನಿಸಬೇಕು. ಅರಸರ ವಂಶಕ್ಕೊಂದು ಸಂಪುಟವೆಂದು ರೈಸರು ಮಾಡಲಿಲ್ಲ. ಜಿಲ್ಲೆ, ಅದರೊಳಗೆ ತಾಲ್ಲೂಕು, ಅದರೊಳಗೆ ಊರು, ಊರಿನ ಕಲ್ಲಿಗೊಂದು ಅಂಕೆ. ಶಿಕಾರಿಪುರದ ಕಡೆಯ ಒಬ್ಬ ರೈತನ ಮಗ ಶಿವಮೊಗ್ಗದ ಸಂಪುಟ ತೆರೆದರೆ ತನ್ನ ಊರ ಕೆರೆ ಕಟ್ಟಿಸಿದವರು ಯಾರು, ದನಗಳನ್ನು ಬಿಡಿಸಲು ಹೋಗಿ ಮಡಿದ ವೀರ ಯಾರು ಎಂದು ತಾನೇ ಹುಡುಕಿಕೊಳ್ಳಬಹುದು. ಇತಿಹಾಸವು ಅರಮನೆಯಿಂದ ಅಗಸೆಬಾಗಿಲಿಗೆ ಇಳಿದು ಬಂದದ್ದು ಹೀಗೆ.

ಶಾಸನಗಳ ಮಾತು ಹೀಗಾದರೆ ವಚನಗಳದೂ ಹೀಗೆಯೇ. ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲರಾಗಿದ್ದವರು. ಮನೆಮನೆಯ ಜಗಲಿಯ ಮೇಲೆ ವಿಭೂತಿ, ಪತ್ರೆ ಏರಿಸಿಕೊಂಡು ಕುಳಿತಿದ್ದ ತಾಡವೋಲೆಯ ಕಟ್ಟುಗಳನ್ನು ಅವರು ಬೇಡಿ ತಂದು, ಓದಿ, 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಅಚ್ಚು ಮಾಡಿಸಿದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಹೊರಡಿಸಿದರು. ಆ ಕಟ್ಟುಗಳಿಗೆ ಪೂಜೆಯೇನೋ ನಿತ್ಯ ನಡೆದಿತ್ತು. ಓದು ನಿಂತುಹೋಗಿತ್ತು. ಹಳಕಟ್ಟಿಯವರು ಕಟ್ಟು ಬಿಚ್ಚಿದ್ದರಿಂದ ಇಂದು ನಿಮ್ಮ ಮನೆಯ ಮಗು ವಚನ ಹೇಳುತ್ತಿದೆ.

ಇನ್ನು ಒಂದು ತಪ್ಪೊಪ್ಪಿಗೆ. ಪರರ ಕಥೆ ಹೇಳಿ ನಮ್ಮದನ್ನು ಮುಚ್ಚಿಡುವುದು ಗುರುಪೀಠಕ್ಕೆ ಶೋಭೆಯಲ್ಲ.

ನಾವು ಕಾಶಿಯಲ್ಲಿ ಓದು ಮುಗಿಸಿ ಬಂದು ಈ ಪೀಠವೇರಿದ ಹೊಸತು. ವ್ಯಾಕರಣ, ತರ್ಕಗಳನ್ನು ಓದಿದ್ದೇವೆಂಬ ಹಮ್ಮು ಮೈತುಂಬ ಇತ್ತು. ಒಬ್ಬ ಬಡ ವಿದ್ಯಾರ್ಥಿ ಬಂದು, "ಬುದ್ಧೀ, ಶ್ರೀಮಠದ ಹಳೆಯ ಕಡತಗಳನ್ನು ಒಮ್ಮೆ ನೋಡಲು ಅಪ್ಪಣೆಯಾಗಬೇಕು, ನಮ್ಮ ತಾಲ್ಲೂಕಿನ ಚರಿತ್ರೆ ಬರೆಯುತ್ತಿದ್ದೇನೆ" ಎಂದು ಬೇಡಿದ. "ಅವು ಪೂಜೆಗೆ ಇಟ್ಟವು, ಓದುವುದಕ್ಕಲ್ಲ" ಎಂದು ಹೇಳಿ ಪ್ರಸಾದ ಕೊಟ್ಟು ಕಳಿಸಿದೆವು. ಆತ ಮರುಮಾತಾಡದೆ ನಮಸ್ಕರಿಸಿ ಹೋದ.

ಕಡತವೆಂದರೆ ಏನೆಂದು ಈಗಿನ ಮಕ್ಕಳಿಗೆ ತಿಳಿಯದು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ನೀರು ತಾಕಿದರೆ ಅದರ ಕಥೆ ಮುಗಿಯಿತು. ಆ ವಿದ್ಯಾರ್ಥಿ ಬಂದುಹೋದ ಎರಡನೆಯ ಮಳೆಗಾಲದಲ್ಲಿ ಆ ಕೋಣೆಯ ಮಾಳಿಗೆ ಸೋರಿತು. ಗಂಟು ಬಿಚ್ಚಿದಾಗ ಹನ್ನೊಂದು ಕಡತಗಳಲ್ಲಿ ಏಳು ಕರಿಯ ಮುದ್ದೆಯಾಗಿದ್ದವು. ಅವುಗಳಲ್ಲಿ ಏನಿತ್ತೆಂದು ಇನ್ನು ಯಾರೂ ಹೇಳಲಾರರು. ಆ ಹುಡುಗ ನಕಲು ಮಾಡಿಕೊಂಡಿದ್ದರೆ ಉಳಿಯುತ್ತಿದ್ದವು. ಕಳೆದದ್ದು ಮಳೆಯಿಂದಲ್ಲ, ನಮ್ಮ ಮಾತಿನಿಂದ.

ಉಳಿದ ನಾಲ್ಕನ್ನು ಮೋಡಿ ಲಿಪಿ ಬಲ್ಲ ಹಿರಿಯರೊಬ್ಬರು ಈಚೆಗೆ ಓದಿಕೊಟ್ಟಿದ್ದಾರೆ. ಹೆಚ್ಚಿನದೆಲ್ಲ ದಾಸೋಹದ ಲೆಕ್ಕ. ಯಾರ ಮನೆಯಿಂದ ಎಷ್ಟು ಸೇರು ಜೋಳ, ಬರಗಾಲದ ವರ್ಷ ಎಷ್ಟು ಎಲೆ ಹಾಸಿದರು ಎಂಬ ವಿವರ. ಒಂದು ಕಡೆ ಮಾತ್ರ ನಾವು ತಡೆದು ನಿಂತೆವು. ಮಠದ ಕೆಳಗಿನ ಹೊಲ ಅರಸರು ಕೊಟ್ಟ ಉಂಬಳಿಯೆಂದು ಈ ಪೀಠದಿಂದಲೇ ನಾವು ಎಷ್ಟೋ ಸಲ ಹೇಳಿದ್ದೇವೆ. ಕಡತ ಹಾಗೆ ಹೇಳುವುದಿಲ್ಲ. ನೇಕಾರರ ಓಣಿಯವರು ಸೀರೆಗೆ ಇಷ್ಟೆಂದು ಎತ್ತಿಟ್ಟ ಹಣದಿಂದ ಆ ಹೊಲವನ್ನು ಕೊಂಡು ದಾಸೋಹಕ್ಕೆ ಬಿಟ್ಟರಂತೆ. ಮಠದ ಹಿತೈಷಿಗಳು ಕೆಲವರು, "ಬುದ್ಧೀ, ಇದನ್ನು ಅಚ್ಚು ಮಾಡಿಸಿದರೆ ಮಠದ ಘನತೆಗೆ ಕುಂದಲ್ಲವೇ?" ಎಂದರು. ನಾವು ಒಂದು ರಾತ್ರಿ ಯೋಚಿಸಿದೆವು. ಅರಸನ ದಾನಕ್ಕಿಂತ ಕಾಯಕದ ದುಡ್ಡು ಯಾವಾಗ ಕೀಳಾಯಿತು? ಅದು ಅಚ್ಚಾಗಲೇಬೇಕು. ಇಷ್ಟು ವರ್ಷ ನೇಕಾರರ ಓಣಿಯ ಹೆಸರು ಹೇಳದೆ ಇದ್ದುದಕ್ಕೆ ಆ ಓಣಿಯ ಭಕ್ತರಲ್ಲಿ, ಇದೇ ಸಭೆಯಲ್ಲಿ, ನಾವು ಕ್ಷಮೆ ಕೇಳುತ್ತೇವೆ.

ಆದ್ದರಿಂದ ಶ್ರೀಮಠ ಈ ತಾಲ್ಲೂಕಿನ ದಾಖಲೆಗಳ ಒಂದು ಗ್ರಂಥವನ್ನು ಹೊರತರಲು ಸಂಕಲ್ಪಿಸಿದೆ. ಮೊದಲು ಮೂಲದ ಪಾಠ, ಒಂದಕ್ಷರವನ್ನೂ ತಿದ್ದದೆ. ಅದರ ಕೆಳಗೆ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಸಾರ. ಕೊನೆಯಲ್ಲಿ ಊರುಗಳ, ಹೆಸರುಗಳ ಅಕಾರಾದಿ. ತಾಲ್ಲೂಕಿನ ಪ್ರತಿಯೊಂದು ಶಾಲೆಗೂ ಒಂದೊಂದು ಪ್ರತಿ ಉಚಿತ. ನಮಗೆ ಹಿತವಾದದ್ದನ್ನು ಇಟ್ಟು ಅಹಿತವಾದದ್ದನ್ನು ಬಿಡುವ ಪ್ರಶ್ನೆಯಿಲ್ಲ.

ನಿಮ್ಮ ಮನೆಗಳಲ್ಲೂ ಪೆಟ್ಟಿಗೆಯ ತಳದಲ್ಲಿ, ಅಟ್ಟದ ಮೇಲೆ, ದೇವರ ಕೋಣೆಯಲ್ಲಿ ಇಂಥವು ಇವೆ. ಸನದು, ಕ್ರಯಪತ್ರ, ಅಂಗಡಿಯ ಲೆಕ್ಕ, ಹಿರಿಯರ ಕಾಗದಗಳು. ಕೊಟ್ಟರೆ ಆಸ್ತಿಗೆ ತೊಂದರೆಯಾದೀತೆಂಬ ಅಂಜಿಕೆ ನಿಮಗಿದೆ, ನಾವು ಬಲ್ಲೆವು. ಕೊಡಬೇಡಿ; ತೋರಿಸಿರಿ, ಸಾಕು. ನಿಮ್ಮ ಮುಂದೆಯೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಮೂಲವನ್ನು ನಿಮ್ಮ ಕೈಗೇ ಒಪ್ಪಿಸುತ್ತಾರೆ. ಹಾಳಾದ ಕಾಗದವನ್ನೂ ಹೊಳೆಗೆ ಬಿಡಬೇಡಿ, ಮೊದಲು ಮಠಕ್ಕೆ ತನ್ನಿರಿ.

ಮನುಷ್ಯನು ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತು ಹುಟ್ಟುತ್ತಾನೆಂದು ಶಾಸ್ತ್ರ ಹೇಳುತ್ತದೆ. ಋಷಿಋಣ ತೀರುವುದು ಅಧ್ಯಯನದಿಂದ. ಹಿರಿಯರು ಬರೆದಿಟ್ಟದ್ದನ್ನು ಓದುವುದರಿಂದ ಪಿತೃಋಣದ ಒಂದು ಪಾಲೂ ತೀರುತ್ತದೆಂದು ನಮ್ಮ ಭಾವನೆ. ಗಂಟು ಬಿಚ್ಚುವುದೇ ಕಡತಕ್ಕೆ ಸಲ್ಲುವ ಪೂಜೆ. ಆ ವಿದ್ಯಾರ್ಥಿ ಎಲ್ಲಿದ್ದಾನೋ ತಿಳಿಯದು. ಈ ಮಾತು ಆತನ ಕಿವಿಗೆ ಬಿದ್ದರೆ ಬರಲಿ. ಈ ಸಲ ಕೋಣೆಯ ಬಾಗಿಲನ್ನು ನಾವೇ ತೆಗೆಯುತ್ತೇವೆ.

ಎಲ್ಲರಿಗೂ ಸನ್ಮಂಗಳವಾಗಲಿ.