ಒನ್ಸ್ ಮೋರ್ ತಿಳಿಯದ ಪೆಟ್ಟಿಗೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಆಡಿದ ಮಾತು)



ಜಾತ್ರೆ ನಾಟಕಗಳಿಗೆ ಪ್ಯಾಡು ಬಾರಿಸುವವನ ಕೈಗೆ ಮೈಕು ಕೊಟ್ಟಿದ್ದೀರಿ. ಸಾಧನೆಯ ಬಗ್ಗೆ ಮಾತಾಡಪ್ಪ ಅಂದರು ಮೇಷ್ಟ್ರು. ಅದು ದೊಡ್ಡವರಿಗಿರಲಿ. ನನ್ನ ಕಸುಬಿನೊಳಗಿನ ಒಂದು ತೊಡಕನ್ನು ನಿಮ್ಮ ಮುಂದೆ ಇಡುತ್ತೇನೆ. ಅದನ್ನು ಬಿಡಿಸುವವರು ಈ ಮಕ್ಕಳಲ್ಲೇ ಇರಬಹುದು ಎಂಬ ಆಸೆ ನನ್ನದು.

ಇದೋ ನೋಡಿ, ನಾವು ಒಂದನೇ ಇಯತ್ತೆಯಲ್ಲಿ ಹಿಡಿದ ಪಾಟಿಯಷ್ಟಗಲದ ಪೆಟ್ಟಿಗೆ. ಇದಕ್ಕೆ ಗ್ರೂವ್‌ಬಾಕ್ಸ್ ಎನ್ನುತ್ತಾರೆ. ಜಪಾನಿನ ರೋಲ್ಯಾಂಡ್ ಕಂಪನಿ 1996ರಲ್ಲಿ ತನ್ನ ಎಂಸಿ-303 ಯಂತ್ರಕ್ಕೆ ಇಟ್ಟ ಹೆಸರು ಅದು. ಈಗ ಆ ಜಾತಿಯ ಎಲ್ಲ ಯಂತ್ರಕ್ಕೂ ಅದೇ ಹೆಸರು. ತಬಲಾ, ಢೋಲಕ್, ತಾಳ ಎಲ್ಲದರ ದನಿಯನ್ನೂ ಒಳಗೆ ತುಂಬಬಹುದು. ಮುಂದೆ ಹದಿನಾರು ಗುಂಡಿ. ಒಂದು ಗುಂಡಿ ಎಂದರೆ ಮಾತ್ರೆಯ ಕಾಲು ಭಾಗ. ದಾದ್ರಾ ತಾಳದ 6 ಮಾತ್ರೆಗೆ 24 ಮನೆ, ರೂಪಕದ 7ಕ್ಕೆ 28, ಕೇರವಾದ 8ಕ್ಕೆ 32, ತೀನ್ ತಾಳದ 16 ಮಾತ್ರೆಗೆ 64. ಈಗಿನ ಬಹಳ ಪೆಟ್ಟಿಗೆಗಳಲ್ಲಿ ಒಂದು ನಮೂನೆಗೆ 64 ಮನೆಯವರೆಗೂ ಜಾಗವಿದೆ. ಅಂದರೆ ನಮ್ಮ ತಾಳಗಳು ಇದರೊಳಗೆ ಹಿಡಿಸುತ್ತವೆ. ಹಿಡಿಸದಿರುವುದು ನಮ್ಮ ಹಾಡು.

ಪಲ್ಲವಿ ನಾಲ್ಕು ಸಲ, ಚರಣ ಎರಡು ಸಲ, ಮತ್ತೆ ಪಲ್ಲವಿ ಎರಡು ಸಲ ಎಂದು ಮೊದಲೇ ಬರೆದಿಟ್ಟರೆ ಪೆಟ್ಟಿಗೆ ಹಾಗೇ ನುಡಿಸಿಕೊಂಡು ಹೋಗುತ್ತದೆ. ಇದಕ್ಕೆ ಸಾಂಗ್ ಮೋಡ್ ಎನ್ನುತ್ತಾರೆ. ನಮ್ಮ ಶಾಲೆಯ ವೇಳಾಪಟ್ಟಿ ಇದ್ದಂಗೆ. ಲೆಕ್ಕ ಬಿಡಿಸಿ ಮುಗಿಯಲಿ ಬಿಡಲಿ, ಗಂಟೆ ಹೊಡೆದರೆ ಮುಂದಿನ ಪೀರಿಯಡ್ಡು.

ನಾಟಕದ ಹಾಡು ಹಂಗೆ ನಡೆಯುತ್ತದೆಯೇ? ಬಳ್ಳಾರಿಯ ಸುಭದ್ರಮ್ಮ ಮನ್ಸೂರು ಅವರ ರಂಗಗೀತೆಯನ್ನು ಎದುರಿಗೆ ಕೂತು ಕೇಳಿದ ಹಿರಿಯರು ಇಲ್ಲಿದ್ದೀರಿ. ಪಾತ್ರಧಾರಿ ಒಂದು ಸಾಲು ಹಿಡಿದು ಎಷ್ಟು ಹೊತ್ತು ಆಡಿಸುತ್ತಾರೋ ಅದು ಅವರಿಗೂ ಮೊದಲೇ ಗೊತ್ತಿರುವುದಿಲ್ಲ. ಜನ ಒನ್ಸ್ ಮೋರ್ ಅಂದರೆ ಹಾಡು ಮತ್ತೆ ಶುರು. ಹಾರ್ಮೋನಿಯಂ ಮಾಸ್ತರು, ತಬಲಾ ಮಾಸ್ತರು ಆಕೆಯ ಮುಖ ನೋಡಿಕೊಂಡೇ ಬಾರಿಸುತ್ತಾರೆ. ಪೆಟ್ಟಿಗೆಗೆ ಮುಖ ನೋಡಲು ಬರುವುದಿಲ್ಲ. ಆಕೆ ಆಲಾಪದ ನಡುವೆ ಇರುವಾಗಲೇ ಅದು ಚರಣಕ್ಕೆ ಹೋಗಿಬಿಟ್ಟಿರುತ್ತದೆ.

ಹಾಗಿದ್ದರೆ ಪೆಟ್ಟಿಗೆ ಯಾಕೆ, ತಬಲಾ ಸಾಕಲ್ಲ ಎಂದು ಕೇಳುವವರಿದ್ದೀರಿ. ನ್ಯಾಯವಾದ ಪ್ರಶ್ನೆ. ಜಾತ್ರೆ ಹಂಗಾಮಿನಲ್ಲಿ ಒಬ್ಬರೇ ತಬಲಾದವರನ್ನು ಮೂರು ನಾಲ್ಕು ಊರಿನವರು ಹಿಡಿದಿರುತ್ತಾರೆ. ಅವರು ನಮಗೆ ಸಿಗುವುದು ಕಡೆಯ ಎರಡು ದಿನ. ಅದಕ್ಕೆ ಮುಂಚಿನ ತಾಲೀಮೆಲ್ಲ ಪೆಟ್ಟಿಗೆಯ ಜೊತೆಗೇ. ಅಲ್ಲೇ ನನಗೆ ಸಂಕಟವಾಗುವುದು. ಒಂದು ತಾಲೀಮಿನಲ್ಲಿ, ಚೆಂದಾಗಿ ಹಾಡುವ ಹುಡುಗಿಯೊಬ್ಬಳಿಗೆ ಎಲ್ಲರೂ ಸೇರಿ, "ಅಷ್ಟು ಎಳೀಬೇಡವ್ವಾ, ಮಷೀನು ಮುಂದಕ್ಕೆ ಹೋಗ್ತದ" ಅಂದರು. ಮರುದಿನದಿಂದ ಆಕೆ ಆಲಾಪ ಬಿಟ್ಟೇಬಿಟ್ಟಳು. ಕಡೆಯ ದಿನ ತಬಲಾ ಮಾಸ್ತರರು ಬಂದು ಆಕೆಗಾಗಿ ಕಾಯುತ್ತ ಕೂತರು. ಎಳೆಯುವುದು ಆಕೆಗೆ ರೂಢಿ ತಪ್ಪಿತ್ತು.

ಆದ್ದರಿಂದ ನನಗೆ ಬೇಕಾಗಿರುವುದು ಇನ್ನೂ ನೂರು ದನಿ ಅಲ್ಲ, ಬಣ್ಣದ ದೀಪವೂ ಅಲ್ಲ. ಸಾಲಿನ ಮುಂದೆ "ನಾಲ್ಕು ಸಲ" ಎಂದು ಬರೆಯುವ ಜಾಗದಲ್ಲಿ "ನಾನು ಹೇಳುವವರೆಗೆ" ಎಂದು ಬರೆಯಲು ಬರಬೇಕು. ಕಾಲಲ್ಲಿ ಒತ್ತಿದರೆ ಮುಂದಿನ ಸಾಲು, ಎರಡು ಸಲ ಒತ್ತಿದರೆ ಒನ್ಸ್ ಮೋರ್. ಇನ್ನೊಂದು ಸಂಗತಿ: ಗುಂಡಿ ಒತ್ತಿದರೂ ಸಾಮಾನ್ಯವಾಗಿ ನಡೆಯುತ್ತಿರುವ ನಮೂನೆ ಮುಗಿದ ಮೇಲೆಯೇ ಬದಲಾಗುವುದು. ನಿಮಿಷಕ್ಕೆ 80 ಮಾತ್ರೆಯ ಲಯದಲ್ಲಿ ತೀನ್ ತಾಳದ ಒಂದು ಸುತ್ತಿಗೆ 12 ಸೆಕೆಂಡು. ರಂಗದ ಮೇಲೆ 12 ಸೆಕೆಂಡು ಸುಮ್ಮನೆ ನಿಂತು ನೋಡಿ, ಗೊತ್ತಾಗುತ್ತದೆ! ಲಯದ್ದೂ ಅಷ್ಟೇ. ಸಾಲಿಗೊಂದು ವೇಗ ಬರೆಯಬಹುದಾದ ಪೆಟ್ಟಿಗೆಗಳಿವೆ, ಆದರೆ ಅದು ಮೆಟ್ಟಿಲು ಜಿಗಿದಂತೆ. ನಮ್ಮ ಲಯ ಗುಡ್ಡದ ಏರು ಹತ್ತಿದಂತೆ ಏರಬೇಕು.

ಇದೇನು ಆಗದ ಕೆಲಸವಲ್ಲ. ನಾವು ಕ್ಯಾಸಿಯೊ ಎಂದು ಕರೆಯುವ ಕೀಬೋರ್ಡುಗಳಲ್ಲಿ ಶುರು, ನಡು, ಮುಕ್ತಾಯಕ್ಕೆ ಬೇರೆ ಬೇರೆ ಗುಂಡಿಗಳು ಎಷ್ಟೋ ವರ್ಷಗಳಿಂದ ಇವೆ. ನಡುವಿನ ಭಾಗ ನಾವು ಬಿಡಿಸುವವರೆಗೂ ತಿರುಗುತ್ತಲೇ ಇರುತ್ತದೆ. ಸ್ವೀಡನ್ನಿನ ಎಲೆಕ್ಟ್ರಾನ್ ಕಂಪನಿಯ ಡಿಜಿಟಾಕ್ಟ್ 2017ರಲ್ಲಿ ಬಂದಾಗ ಅದರಲ್ಲಿ ಸಾಂಗ್ ಮೋಡೇ ಇರಲಿಲ್ಲ. ಬಳಸುವವರು ಕೇಳಿದರು, ವರ್ಷಗಳ ಮೇಲೆ ಕಂಪನಿ ಒಳಗಿನ ತಂತ್ರಾಂಶ ಬದಲಿಸಿ ಸೇರಿಸಿತು. ಕೇಳಿದವರಲ್ಲಿ ನಾಟಕದವರು ಎಷ್ಟು ಮಂದಿ ಇದ್ದಾರು?

ಅಲ್ಲಿಯವರೆಗೆ ನಾವೇ ಒಂದಿಷ್ಟು ಮಾಡಬಹುದು. 1983ರಿಂದ ಮಿಡಿ ಎಂಬ ಒಪ್ಪಂದದ ಭಾಷೆಯಿದೆ. ಬೇರೆ ಬೇರೆ ಕಂಪನಿಯ ವಾದ್ಯಗಳು ಅದರಲ್ಲಿ ಒಂದಕ್ಕೊಂದು ಮಾತಾಡುತ್ತವೆ. ಒಂದು ಆರ್ಡುಯಿನೊ ಬೋರ್ಡು, ಎರಡು ಕಾಲೊತ್ತು ಸ್ವಿಚ್ಚು ಕೂಡಿಸಿದರೆ "ಮೂರನೇ ನಮೂನೆಗೆ ಹೋಗು" ಎಂದು ಪೆಟ್ಟಿಗೆಗೆ ಹೇಳಬಹುದು. ನಾನು ಒಂದನ್ನು ಮಾಡಿದ್ದೇನೆ. 16 ಮಾತ್ರೆಯನ್ನು ಎಂಟೆಂಟಾಗಿ ಒಡೆದಿಟ್ಟಿದ್ದರಿಂದ ಕಾಯುವುದು 6 ಸೆಕೆಂಡಿಗೆ ಇಳಿದಿದೆ. ಒನ್ಸ್ ಮೋರ್ ಇನ್ನೂ ಸರಿಯಾಗಿಲ್ಲ. ಲಯ ಏರಿಸುವುದನ್ನು ಮುಟ್ಟಿಯೇ ಇಲ್ಲ.

ಪೆಟ್ಟಿಗೆ, ಪೆಡಲು ಎರಡನ್ನೂ ಮುಂದಿನ ತಾಲೀಮು ಶುರುವಾಗುವವರೆಗೆ ವಿಜ್ಞಾನದ ಕೋಣೆಯಲ್ಲಿ ಬಿಟ್ಟು ಹೋಗುತ್ತೇನೆ. ಪ್ರೋಗ್ರಾಂ ಬರೆಯುವ ಮಕ್ಕಳು ಕೂಡಿ. ಜೊತೆಗೆ ಹಾಡುವವರೊಬ್ಬರು ಇರಲೇಬೇಕು. ತಾಳ ಬಲ್ಲ ಹಿರಿಯರು ಯಾರಾದರೂ ಸಂಜೆ ಬಂದು ಕೂತು, ಎಲ್ಲಿ ಕಾಯಬೇಕು ಎಂದು ಈ ಮಕ್ಕಳಿಗೆ ಹೇಳಿಕೊಡಿ. ಒಂದು ಮಾತು: ಕರೆಂಟು ಹೋದರೆ ಮೊದಲು ಅಡಾಪ್ಟರ್ ಕೀಳಿರಿ.