ಬೀರುವಿನ ಕೀಲಿ ಯಾರ ಕೈಲಿರಬೇಕು?
(ತಾಲ್ಲೂಕು ಮಕ್ಕಳ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಭಾಷಣ)

ಮುಂದೆ ಜಮಖಾನೆಯ ಮೇಲೆ ಕೂತು ಇವರು ಎಷ್ಟು ಹೊತ್ತು ಮಾತಾಡುತ್ತಾರೋ ಎಂದು ನನ್ನ ಕೈಲಿರುವ ಹಾಳೆಗಳನ್ನೇ ಎಣಿಸುತ್ತಿರುವ ಮಕ್ಕಳೇ,

ಮೆರವಣಿಗೆ, ಧ್ವಜಾರೋಹಣ, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ ಎಲ್ಲ ಮುಗಿದು ಅಧ್ಯಕ್ಷರ ಸರದಿ ಬರುವ ಹೊತ್ತಿಗೆ ಬಿಸಿಲು ಶಾಮಿಯಾನದೊಳಗೆ ಬಂದಿರುತ್ತದೆ. ಆದ್ದರಿಂದ ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಇಂದಿನ ಮಕ್ಕಳು ಓದುವುದಿಲ್ಲ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಮೊಬೈಲು ಮಕ್ಕಳನ್ನು ಕೆಡಿಸಿತು ಎಂಬ ಮಾತನ್ನೂ ಪೂರ್ತಿ ಒಪ್ಪುವುದಿಲ್ಲ. ಪುಸ್ತಕವನ್ನೂ ಕಂಪ್ಯೂಟರನ್ನೂ ಮಕ್ಕಳ ಹೆಸರಿನಲ್ಲೇ ತರಿಸಿ, ಅವರ ಕೈಗೆ ಸಿಗದ ಹಾಗೆ ಬೀಗ ಜಡಿದವರು ದೊಡ್ಡವರಾದ ನಾವು. ನನ್ನ ಇಂದಿನ ಮಾತೆಲ್ಲ ಆ ಬೀಗದ ಬಗ್ಗೆ.

ನಮ್ಮ ಎಷ್ಟೋ ಶಾಲೆಗಳಲ್ಲಿ ಮುಖ್ಯ ಶಿಕ್ಷಕರ ಕೊಠಡಿಯಲ್ಲೊಂದು ಕಬ್ಬಿಣದ ಬೀರು ಇರುತ್ತದೆ. ಹಾಜರಿ ಪುಸ್ತಕ, ಬಿಸಿಯೂಟದ ಲೆಕ್ಕ, ಕ್ರೀಡಾಕೂಟದಲ್ಲಿ ಗೆದ್ದ ಕಪ್ಪುಗಳು, ಅವುಗಳ ಹಿಂದೆ ಕಥೆ ಪುಸ್ತಕಗಳು. ಹತ್ತು ವರ್ಷ ಹಳೆಯ ಪುಸ್ತಕ ತೆರೆದರೂ ಪ್ರೆಸ್ಸಿನಿಂದ ಈಗ ತಾನೇ ಬಂದಂತೆ ಇರುತ್ತದೆ, ನುಸಿಗುಳಿಗೆಯ ವಾಸನೆಯೊಂದನ್ನು ಬಿಟ್ಟರೆ. ಇದಕ್ಕೆ ಮೇಷ್ಟ್ರನ್ನು ಬೈದು ಪ್ರಯೋಜನವಿಲ್ಲ. ಪುಸ್ತಕ ಶಾಲೆಗೆ ಬಂದ ದಿನವೇ ದಾಸ್ತಾನು ವಹಿಯಲ್ಲಿ ನಂಬರು ಬೀಳುತ್ತದೆ. ವರ್ಗಾವಣೆಯಾದರೆ ಪಟ್ಟಿ ಹಿಡಿದು ಒಂದೊಂದನ್ನೂ ಎಣಿಸಿ ಚಾರ್ಜ್ ಕೊಡಬೇಕು. ಕಡಿಮೆ ಬಿದ್ದರೆ ಕೈಯಿಂದ ಕಟ್ಟಬೇಕು. ಮಕ್ಕಳಿಗೆ ಪುಸ್ತಕ ಓದಿಸಲಿಲ್ಲವೆಂದು ನೋಟಿಸು ಪಡೆದ ಮೇಷ್ಟ್ರನ್ನು ನಾನು ಕಂಡಿಲ್ಲ. ಪುಸ್ತಕ ಕಳೆದದ್ದಕ್ಕೆ ಪಡೆದವರನ್ನು ಕಂಡಿದ್ದೇನೆ. ಹೀಗಿರುವಾಗ ಬುದ್ಧಿ ಇರುವವರು ಯಾರು ತಾನೇ ಬೀರು ತೆಗೆಯುತ್ತಾರೆ?

ಈ ರೋಗ ಹೊಸದಲ್ಲ. ಮಧ್ಯಯುಗದ ಯೂರೋಪಿನ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಸರಪಳಿ ಹಾಕಿ ಕಪಾಟಿಗೆ ಬಿಗಿಯುತ್ತಿದ್ದರು. ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳನ್ನು ಪ್ರಕಟಿಸಿದಾಗ ಮೊದಲನೆಯ ಸೂತ್ರವನ್ನು ವಿವರಿಸಲು ಈ ಸರಪಳಿಯಿಂದಲೇ ಶುರುಮಾಡಿದರು. ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದು ಆ ಸೂತ್ರ. ಇಷ್ಟು ಸರಳ ಮಾತಿಗೆ ಸೂತ್ರವೇಕೆ ಎನಿಸಿದವರು ನಮ್ಮ ಬೀರುಗಳ ಮುಂದೆ ಒಮ್ಮೆ ನಿಂತು ನೋಡಬೇಕು. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. ಬದುಕಿನ ಕೊನೆಯ ವರ್ಷಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದು 1972ರಲ್ಲಿ ತೀರಿಕೊಂಡರು. ಅವರ ಭಾವಚಿತ್ರಕ್ಕೆ ವರ್ಷವರ್ಷವೂ ಹಾರ ಹಾಕುತ್ತೇವೆ. ಹಾರ ಹಾಕಿದವರು ಹೋಗುವಾಗ ಬೀಗವನ್ನೂ ಹಾಕಿಕೊಂಡು ಹೋಗುತ್ತೇವೆ.

ನಾನು ಕೆಲಸ ಮಾಡಿದ ಒಂದು ಹಳ್ಳಿ ಶಾಲೆಯಲ್ಲಿ ತರಗತಿಯ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನೈಲಾನ್ ಹಗ್ಗ ಕಟ್ಟಿ, ಬಟ್ಟೆಗೆ ಹಾಕುವ ಕ್ಲಿಪ್ಪಿನಲ್ಲಿ ಪುಸ್ತಕ ತೂಗುಹಾಕಿದೆವು. ಮುಖಪುಟ ಕಣ್ಣಿಗೆ ಬೀಳಬೇಕು, ಮಗುವಿನ ಕೈಗೆ ಎಟುಕಬೇಕು, ಅಷ್ಟೇ ನಿಯಮ. ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಐದನೇ ತರಗತಿಯ ಒಬ್ಬ ಹುಡುಗಿಯದು. ಅವಳು ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಹೆಸರು, ಪುಸ್ತಕ, ಒಯ್ದ ದಿನ, ತಂದ ದಿನ ಎಂದು ಬರೆದಳು. ಯಾರೂ ಹೇಳಿಕೊಡದೆ ಕೊನೆಗೆ ಇನ್ನೊಂದು ಅಂಕಣ ಸೇರಿಸಿದಳು: ‘ಹೇಗಿತ್ತು’. ಅದರಲ್ಲಿ ಮಕ್ಕಳು ಬರೆದ ಮಾತುಗಳನ್ನು ಯಾವ ವಿಮರ್ಶಕನೂ ಬರೆಯಲಾರ. ‘ನರಿ ಮೋಸ ಮಾಡಬಾರದಿತ್ತು.’ ‘ಚಿತ್ರ ಸಾಲದು.’ ‘ಅಜ್ಜಿಗೆ ಓದಿ ಹೇಳಿದೆ, ಅವಳು ಮುಗಿಯುವ ಮೊದಲೇ ಮಲಗಿದಳು.’ ಒಬ್ಬ ಹುಡುಗ ಒಂದೇ ಪುಸ್ತಕವನ್ನು ಮತ್ತೆ ಮತ್ತೆ ಒಯ್ಯುತ್ತಿದ್ದ. ಏಕೋ ಎಂದರೆ, ‘ನಮ್ಮ ತಮ್ಮ ಬೇರೇದು ಓದಿದ್ರೆ ಅಳ್ತಾನೆ ಸಾರ್’ ಎಂದ. ಕೆಲವು ಪುಸ್ತಕ ಹರಿದವು. ಮೈದಾ ಅಂಟು ಕಾಸಿ ಮಕ್ಕಳೇ ಅಂಟಿಸಿದರು. ಕೆಲವು ಕಳೆದೇ ಹೋದವು. ಕಳೆದದ್ದು ಯಾವುದೋ ಮನೆಯ ಗೂಡಿನಲ್ಲಿ ಇದ್ದೀತು, ಬೀರುವಿಗಿಂತ ಒಳ್ಳೆಯ ಜಾಗ.

ಪುಸ್ತಕ ಹೊರಗಿಟ್ಟರೆ ಸಾಲದು ಎನ್ನುವವರ ಮಾತು ನಿಜ. ಓದಲು ಇನ್ನೂ ತಡವರಿಸುವ ಮಗು ಹಗ್ಗದ ಬಳಿಗೇ ಬರುವುದಿಲ್ಲ. ಅದಕ್ಕೆ ನಾನು ಕಂಡ ಮದ್ದು ಒಂದೇ. ಊಟದ ನಂತರ ಹತ್ತು ನಿಮಿಷ ಮೇಷ್ಟ್ರು ಗಟ್ಟಿಯಾಗಿ ಕಥೆ ಓದಬೇಕು. ಓದಿ ಪುಸ್ತಕ ಮುಚ್ಚಿಬಿಡಬೇಕು. ಪ್ರಶ್ನೆ ಕೇಳಬಾರದು. ಈ ಕಥೆಯ ನೀತಿ ಏನು ಎಂದು ಕೇಳುವ ಚಟ ನಮ್ಮ ವೃತ್ತಿಗೆ ಅಂಟಿದ್ದು, ಸುಲಭಕ್ಕೆ ಬಿಡುವುದಿಲ್ಲ. ಪಂಜೆ ಮಂಗೇಶರಾಯರು ಶಾಲಾ ಇನ್‌ಸ್ಪೆಕ್ಟರ್ ಆಗಿದ್ದವರು. ಮಕ್ಕಳನ್ನು ಪರೀಕ್ಷಿಸಿ ವರದಿ ಬರೆಯುವ ಕೆಲಸದಲ್ಲಿದ್ದೂ, ಮಕ್ಕಳಿಗೆ ಹಾಡಿನ, ನಗೆಯ, ಹಾವಿನ, ಇಲಿಯ ಸಾಹಿತ್ಯ ಬರೆದರು. ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದರು. ಅವರನ್ನು 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನಾಗಿ ಮಾಡಿದ ಹಿರಿಯರ ರುಚಿ ದೊಡ್ಡದು. ಶಿವರಾಮ ಕಾರಂತರು ಮೂರು ಸಂಪುಟದ ‘ಬಾಲಪ್ರಪಂಚ’ ಬರೆದರು. ಅನುಪಮಾ ನಿರಂಜನ ಅವರು ವರ್ಷದ ಪ್ರತಿ ದಿನಕ್ಕೂ ಕಥೆ ಹೊಂದಿಸಿ ‘ದಿನಕ್ಕೊಂದು ಕಥೆ’ಯನ್ನು ಹನ್ನೆರಡು ಸಂಪುಟಗಳಲ್ಲಿ ಕೊಟ್ಟರು. ವಿಜಯಪುರದ ಕಡೆ ಶಂ.ಗು. ಬಿರಾದಾರ, ಸಿಸು ಸಂಗಮೇಶ ಮೊದಲಾದವರು ಮಕ್ಕಳಿಗಾಗಿಯೇ ಬರೆದು ಬಾಳಿದರು. ಕನ್ನಡದಲ್ಲಿ ಮಕ್ಕಳಿಗೆ ಓದಲು ಏನಿದೆ ಎಂದು ಕೇಳುವವರು ಬೀರು ತೆರೆಯದವರು.

ಈಗ ಇನ್ನೊಂದು ಬೀಗಕ್ಕೆ ಬರುತ್ತೇನೆ.

ಕಂಪ್ಯೂಟರ್ ಕೊಠಡಿಯ ಹೊರಗೆ ಚಪ್ಪಲಿ ಬಿಡಬೇಕು. ಯಂತ್ರಗಳಿಗೆ ಬಟ್ಟೆಯ ಹೊದಿಕೆ. ಆ ಹೊದಿಕೆ ಆಯುಧಪೂಜೆಯ ದಿನ ಮಾತ್ರ ಸರಿಯುವ ಶಾಲೆಗಳಿವೆ. ಅಂದು ಅರಿಸಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಮಂಗಳಾರತಿ ಎತ್ತಿ ಮತ್ತೆ ಮುಚ್ಚುತ್ತಾರೆ. ಸ್ಮಾರ್ಟ್ ಕ್ಲಾಸ್ ಬಂದ ಮೇಲೆ ಸ್ವಲ್ಪ ಬದಲಾಗಿದೆ. ಈಗ ಗೋಡೆಯ ಮೇಲೆ ದೊಡ್ಡ ಪರದೆ, ಮೇಷ್ಟ್ರು ಒಂದು ಗುಂಡಿ ಒತ್ತುತ್ತಾರೆ, ನಲವತ್ತು ಮಕ್ಕಳು ಕೈಕಟ್ಟಿ ನೋಡುತ್ತಾರೆ. ಮನೆಯಲ್ಲಿ ಟಿ.ವಿ. ನೋಡಿದರೆ ಬೈಯುವ ನಾವು ಶಾಲೆಯಲ್ಲಿ ಅದನ್ನೇ ತಂತ್ರಜ್ಞಾನ ಎನ್ನುತ್ತೇವೆ.

2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ, ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವ ‘ವಿದ್ಯಾಗಮ’ ಕಾರ್ಯಕ್ರಮದ ಹೆಸರಿನಲ್ಲಿ ನಾವು ದೇವಸ್ಥಾನದ ಕಟ್ಟೆ, ಅರಳಿಮರದ ನೆರಳು ಹುಡುಕಿಕೊಂಡು ಹೋದವರು. ಮನೆಗೊಂದು ಫೋನು, ಅದೂ ಅಪ್ಪನ ಜೇಬಿನಲ್ಲಿ ಕೂಲಿಗೆ ಹೋಗಿರುತ್ತಿತ್ತು. ಸಂಜೆ ಅಪ್ಪ ಬಂದ ಮೇಲೆ ಮೂರು ಮಕ್ಕಳು ಒಂದು ಪರದೆಗೆ ಮುಖ ಸೇರಿಸುತ್ತಿದ್ದರು. ಆ ಕಾಲ ಹೋಯಿತು, ಫೋನು ಮಕ್ಕಳ ಕೈಲೇ ಉಳಿಯಿತು. ನೋಡುವುದನ್ನು ಅವರು ತಾವೇ ಕಲಿತರು. ಅದರಲ್ಲಿ ಏನಾದರೂ ಮಾಡುವುದನ್ನು ನಾವು ಕಲಿಸಬೇಕಿತ್ತು, ಆ ಪಾಠ ಬಾಕಿ ಇದೆ.

ಮಾಡುವುದು ಎಂದರೆ ಏನು? ಒಂದನ್ನು ಹತ್ತಿರದಿಂದ ತೋರಿಸುತ್ತೇನೆ. ಎರಡು, ಮೂರನೇ ತರಗತಿಯ ಎಷ್ಟೋ ಮಕ್ಕಳು ಕಾಗುಣಿತದವರೆಗೆ ಸರಾಗವಾಗಿ ಬಂದು ಒತ್ತಕ್ಷರದಲ್ಲಿ ಮುಗ್ಗರಿಸುವುದು ನಮಗೆಲ್ಲ ಗೊತ್ತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ‘ನುಡಿ’ ತಂತ್ರಾಂಶದಲ್ಲಿದೆ. ಅದರಲ್ಲಿ ನಾನು ಕಂಡ ಒಬ್ಬ ಹುಡುಗಿ ‘ಅಕ್ಕ’ ಎಂದು ಟೈಪ್ ಮಾಡಲು ಅ, ಕ ಒತ್ತಿ, ಎಫ್ ಕೀಲಿ ಒತ್ತಿ, ಮತ್ತೆ ಕ ಒತ್ತಿದಳು. ಎಫ್ ಒತ್ತಿದ ಕ್ಷಣ ಕ ಎಂಬುದು ಕ್ ಆಗುತ್ತದೆ, ಅದರೊಳಗಿನ ಅ ಹೋಗುತ್ತದೆ. ಮುಂದಿನ ಕ ಬಂದು ಅದರ ಕಾಲಿಗೆ ಕೂರುತ್ತದೆ. ಹಲಗೆಯ ಮೇಲೆ ನಾವು ವರ್ಷವಿಡೀ ಹೇಳಿದ್ದು ಅಲ್ಲಿ ಅವಳ ಬೆರಳಿನಡಿ ನಡೆಯಿತು. ಅರ್ಕಾವತ್ತು ಇನ್ನೂ ಸೊಗಸು. ‘ಸೂರ್ಯ’ ಎಂದು ಕೈಯಲ್ಲಿ ಬರೆಯುವಾಗ ಯ ಬರೆದ ಮೇಲೆ ಅರ್ಕಾವತ್ತು ಹಾಕುತ್ತೇವೆ. ಬಾಯಲ್ಲಿ ಮಾತ್ರ ರ್ ಮೊದಲು ಬರುತ್ತದೆ. ಕೀಲಿಮಣೆ ಬಾಯಿಯ ಕ್ರಮವನ್ನೇ ಹಿಡಿಯುತ್ತದೆ. ಓದಿನಲ್ಲಿ ಹಿಂದಿದ್ದ ಆ ಹುಡುಗಿ ತನ್ನ ಊರಿನ ಬಸ್ಸುಗಳ ಬೋರ್ಡುಗಳನ್ನೆಲ್ಲ ನೆನೆಸಿಕೊಂಡು ಟೈಪ್ ಮಾಡಿದಳು. ಕೊಪ್ಪಳ, ಹುಬ್ಬಳ್ಳಿ, ಚಿತ್ರದುರ್ಗ. ಒತ್ತಿಲ್ಲದ ಊರು ಅವಳಿಗೆ ಬೇಡವಾಗಿತ್ತು.

ಹೀಗೆ ಅಕ್ಷರ ಕೈಗೆ ಬಂದ ಮಕ್ಕಳು ಮುಂದೆ ಕಥೆ ಕಟ್ಟಲಿ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯವರು 2015ರಲ್ಲಿ ತೆರೆದ ಸ್ಟೋರಿವೀವರ್ ಎಂಬ ಜಾಲತಾಣವಿದೆ. ಅಲ್ಲಿನ ಚಿತ್ರಕಥೆಗಳನ್ನು ಹಣ ಕೊಡದೆ ಓದಬಹುದು, ಇಳಿಸಿಕೊಂಡು ಮುದ್ರಿಸಬಹುದು, ಅಲ್ಲಿರುವ ಚಿತ್ರಗಳನ್ನೇ ಬಳಸಿ ಹೊಸ ಕಥೆಯನ್ನೂ ಹೆಣೆಯಬಹುದು. ಮಗು ಅಜ್ಜಿಯ ಬಾಯಿಂದ ಒಂದು ಕಥೆಯನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಲಿ, ಕೇಳಿ ಕೇಳಿ ಟೈಪ್ ಮಾಡಲಿ. ಆ ಕಥೆ ಅಜ್ಜಿ ಆಡಿದ ಕನ್ನಡದಲ್ಲೇ ಇರಲಿ. ಕಲಬುರಗಿಯದೋ ಕುಂದಾಪುರದ್ದೋ ಕನ್ನಡವನ್ನು ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದುವ ಕೆಂಪು ಪೆನ್ನನ್ನು ಆ ಹೊತ್ತಿಗೆ ನಾವು ಜೇಬಿನಲ್ಲೇ ಇಟ್ಟುಕೊಳ್ಳೋಣ.

ಕೃತಕ ಬುದ್ಧಿಮತ್ತೆಯ ಬಗ್ಗೆ ಹೇಳದಿದ್ದರೆ ಯುವ ಶಿಕ್ಷಕರು ನನ್ನನ್ನು ಬಿಡುವುದಿಲ್ಲ. ಪ್ರಬಂಧ ಬರೆದುಕೊಡು ಎಂದರೆ ಅದು ಬರೆದುಕೊಡುತ್ತದೆ. ಹಾಗೆ ಬರೆಸಿಕೊಂಡ ಮಗುವನ್ನು ಬೈಯುವ ಮೊದಲು, ಗೈಡು ನೋಡಿ ಪ್ರಬಂಧ ಬರೆಸುತ್ತಿದ್ದ ನಮ್ಮ ಪದ್ಧತಿಯನ್ನೂ ನೆನೆಯಬೇಕು. ಅದು ಗೊತ್ತಿಲ್ಲದ್ದನ್ನೂ ಗೊತ್ತಿದ್ದ ಧಾಟಿಯಲ್ಲೇ ಹೇಳುತ್ತದೆ ಎಂಬುದನ್ನು ಮಕ್ಕಳು ತಾವೇ ಹಿಡಿಯಬೇಕು. ನಿಮ್ಮೂರ ಕೆರೆ ಕಟ್ಟಿಸಿದವರು ಯಾರು ಎಂದು ಅದನ್ನು ಕೇಳಿಸಿ. ಬಂದ ಉತ್ತರವನ್ನು ಹಿಡಿದು ಮಕ್ಕಳು ಊರ ಹಿರಿಯರ ಬಳಿ, ಕೆರೆ ಏರಿಯ ಕಲ್ಲಿನ ಬಳಿ, ಪುಸ್ತಕದ ಬಳಿ ಹೋಗಲಿ. ಯಂತ್ರ ಹೇಳಿದ್ದನ್ನು ತಾಳೆ ನೋಡುವುದಕ್ಕೂ ಓದು ಬಲ್ಲ ಮಗುವೇ ಬೇಕು.

ಸಮ್ಮೇಳನದ ಕೊನೆಗೆ ನಿರ್ಣಯಗಳನ್ನು ಮಂಡಿಸುತ್ತೀರಿ. ನನ್ನದೂ ಒಂದೆರಡು ಸೇರಿಸಿ. ಮಕ್ಕಳು ಓದಿ ಹರಿದ, ಕಳೆದ ಪುಸ್ತಕಗಳಲ್ಲಿ ವರ್ಷಕ್ಕೆ ಇಷ್ಟು ಪಾಲನ್ನು ದಾಸ್ತಾನಿನಿಂದ ತೆಗೆದುಹಾಕುವ ಅಧಿಕಾರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೇ (ಎಸ್‌ಡಿಎಂಸಿ) ಇರಲಿ, ಮೇಷ್ಟ್ರ ಸಂಬಳಕ್ಕೆ ಕೈ ಹಾಕುವುದು ಬೇಡ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, 2020ರಿಂದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವವೂ ಇದೆ. ಆದರೆ ಮಕ್ಕಳಿಗೆ ಬಿಡುವಿರುವುದು ಸಂಜೆ ಮತ್ತು ಭಾನುವಾರ. ಆ ಹೊತ್ತಿನಲ್ಲಿ ಬಾಗಿಲು ತೆರೆದಿರುವಂತೆ ಪಂಚಾಯಿತಿ ನೋಡಿಕೊಳ್ಳಲಿ, ಅದಕ್ಕೆ ತಕ್ಕ ಸಂಬಳ ಮೇಲ್ವಿಚಾರಕರಿಗೆ ಸಿಗಲಿ. ಕಂಪ್ಯೂಟರ್ ಕೊಠಡಿಯ ಕೀಲಿ ಏಳನೇ ತರಗತಿಯ ಇಬ್ಬರು ಮಕ್ಕಳ ಬಳಿ ಸರದಿಯಂತೆ ಇರಲಿ. ಯಂತ್ರ ಕೆಟ್ಟರೆ ರಿಪೇರಿಗೆ ಬರೆಯೋಣ, ಕೆಡದ ಹಾಗೆ ಹೊದೆಸಿಟ್ಟರೂ ಅದು ಹಳತಾಗುವುದು ತಪ್ಪುವುದಿಲ್ಲ.

ಮಧ್ಯಾಹ್ನ ಮಕ್ಕಳ ಕವಿಗೋಷ್ಠಿ ಇದೆ. ಕಾರ್ಯಕ್ರಮ ಪಟ್ಟಿಯಲ್ಲಿ ಪ್ರತಿ ಕವಿಗೂ ಮೂರು ನಿಮಿಷ, ಮುಖ್ಯ ಅತಿಥಿಗಳಿಗೆ ಇಪ್ಪತ್ತು ನಿಮಿಷ ಎಂದಿದೆ. ಸಂಘಟಕರು ದಯವಿಟ್ಟು ಇದನ್ನು ತಿರುಗಿಸಿ ಹಾಕಿ. ಹೊರಗಿನ ಪುಸ್ತಕದ ಮಳಿಗೆಗಳಲ್ಲಿ ‘ಮುಟ್ಟಬೇಡಿ’ ಎಂದು ಬರೆದ ಚೀಟಿಗಳನ್ನು ಬರುವಾಗಲೇ ನೋಡಿದೆ. ಊಟಕ್ಕೆ ಹೋಗುವ ದಾರಿಯಲ್ಲಿ ನಾನೇ ಅವನ್ನು ಕೀಳುತ್ತೇನೆ, ವ್ಯಾಪಾರಿಗಳು ಕ್ಷಮಿಸಬೇಕು.