ಮಾಗೋಡಿನಲ್ಲಿ ಧುಮುಕುವುದು ನಮ್ಮೂರ ಮಳೆ

ಆರಿದ್ರಾ ಮುಗಿದು ಪುನರ್ವಸು, ಪುಷ್ಯ ಮಳೆಗಳು ಹಿಡಿದವೆಂದರೆ ಹುಬ್ಬಳ್ಳಿ-ಧಾರವಾಡದವರ ಮನಸ್ಸು ಪಶ್ಚಿಮದ ಕಾಡಿನ ಕಡೆ ಹೊರಳುತ್ತದೆ. ರವಿವಾರ ಬುತ್ತಿ ಕಟ್ಟಿಕೊಂಡು ಕಲಘಟಗಿ, ಕಿರವತ್ತಿ ದಾಟಿ ಯಲ್ಲಾಪುರದ ಹಾದಿ ಹಿಡಿಯುತ್ತೇವೆ. ಅಲ್ಲಿಂದ ಕಾಡಿನೊಳಗಿನ ರಸ್ತೆಯಲ್ಲಿ ಸಾಗಿದರೆ ಮಾಗೋಡು. ಬೇಡ್ತಿ ನದಿ ಅಲ್ಲಿ ಎರಡು ಹಂತಗಳಲ್ಲಿ ಸುಮಾರು 200 ಮೀಟರ್ ಆಳದ ಕಣಿವೆಗೆ ಇಳಿಯುತ್ತದೆ.

ಮಾಗೋಡನ್ನು ದೂರದಿಂದಲೇ ನೋಡಬೇಕು. ಜೋರು ಮಳೆಯಲ್ಲಿ ಹೋದವರಿಗೆ ಎಷ್ಟೋ ಸಲ ಮೊದಲು ಕಾಣುವುದು ಬರೀ ಮಂಜು. ಕಣಿವೆ ತುಂಬ ಸದ್ದು, ಕಣ್ಣಿಗೆ ಮಾತ್ರ ಏನೂ ಇಲ್ಲ. ಅವಸರದವರು ಬೇಸರಪಟ್ಟು ತಿರುಗಿ ಹೊರಡುತ್ತಾರೆ. ತಡೆದು ನಿಂತವರಿಗೆ ಗಾಳಿ ಬೀಸಿ ಮಂಜು ಸರಿದಾಗ ಇಡೀ ನದಿ ಕಾಣುತ್ತದೆ. ಮಳೆಗಾಲದಲ್ಲಿ ಅದು ಹಾಲಿನ ಬಣ್ಣದ್ದಲ್ಲ, ಕೆಂಪು ಮಣ್ಣಿನ ಬಣ್ಣದ್ದು.

ಆ ಮಣ್ಣು ಎಲ್ಲಿಯದು? ಆ ನೀರು ಎಲ್ಲಿಂದ ಬಂತು?

ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ದಕ್ಷಿಣಕ್ಕೆ ಹರಿಯುತ್ತಾಳೆ. ಹುಬ್ಬಳ್ಳಿಯ ಕಡೆಯಿಂದ ಬರುವ ಬೇಡ್ತಿಯ ಹಳ್ಳ ಕಲಘಟಗಿ ಸೀಮೆಯಲ್ಲಿ ಆಕೆಯನ್ನು ಕೂಡುತ್ತದೆ. ಎರಡೂ ಒಂದಾಗಿ, ಘಟ್ಟದ ಹತ್ತಾರು ಹಳ್ಳಗಳನ್ನು ಸೇರಿಸಿಕೊಂಡು ಮಾಗೋಡಿಗೆ ಬರುತ್ತವೆ. ಘಟ್ಟ ಇಳಿದ ಮೇಲೆ ಅದೇ ನದಿಗೆ ಗಂಗಾವಳಿ ಎಂಬ ಹೆಸರು. ಅಂಕೋಲೆ, ಗೋಕರ್ಣಗಳ ನಡುವೆ ಅದು ಅರಬ್ಬೀ ಸಮುದ್ರ ಸೇರುತ್ತದೆ. ಅಂದರೆ ನಾವು ಕಾಡಿಗೆ ಹೋಗಿ ಕಣ್ತುಂಬ ನೋಡುವ ಜಲಪಾತದಲ್ಲಿ ನಮ್ಮೂರ ಮಾಳಿಗೆಗಳ ಮೇಲೆ, ಹೊಲ-ಓಣಿಗಳಲ್ಲಿ ಬಿದ್ದ ಮಳೆಯೂ ಇದೆ.

ಧಾರವಾಡದ ದಿಬ್ಬಗಳ ವಿಶೇಷ ಇನ್ನೊಂದಿದೆ. ಇವು ನೀರನ್ನು ಹಂಚುವ ದಿಬ್ಬಗಳು. ಇತ್ತ ಬಿದ್ದ ಮಳೆ ಶಾಲ್ಮಲೆಯ ಜೊತೆ ಪಶ್ಚಿಮದ ಕಡಲಿಗೆ ಹೋದರೆ, ಅತ್ತ ಬಿದ್ದದ್ದು ತುಪ್ಪರಿಹಳ್ಳ, ಮಲಪ್ರಭೆ, ಕೃಷ್ಣೆಯರ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಎರಡು ಸಮುದ್ರಗಳಿಗೆ ನೀರು ಕಳಿಸುವ ತವರುಮನೆ ನಮ್ಮೂರು.

ತವರಿನವರಿಗೆ ಹೆಮ್ಮೆಯ ಜೊತೆ ಹೊಣೆಯೂ ಇರುತ್ತದೆ. ಬೇಡ್ತಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಬಂದಾಗ ಶಿರಸಿ, ಯಲ್ಲಾಪುರ ಸೀಮೆಯ ಅಡಿಕೆ ತೋಟಿಗರು ಬರೀ ಕೂಗು ಹಾಕಲಿಲ್ಲ. ಯೋಜನೆಯಿಂದ ಬರುವುದೆಷ್ಟು, ಮುಳುಗುವ ತೋಟ-ಕಾಡಿನ ಬೆಲೆ ಎಷ್ಟು ಎಂದು ಲೆಕ್ಕ ಹಾಕಿಸಿದರು. 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನು ಕೂಡಿಸಿ ಚರ್ಚೆ ನಡೆಸಿದರು. ಕೊನೆಗೆ ಆ ಯೋಜನೆ ನಿಂತಿತು. ನದಿಯ ಕೆಳಗಿನವರು ತಮ್ಮ ಪಾಲಿನ ಕೆಲಸ ಮಾಡಿದರು.

ಮೇಲಿನ ದಂಡೆಯವರಾದ ನಮ್ಮ ಪಾಲಿನದು ಏನು? ಜಲಪಾತದ ಬಳಿ ಪ್ಲಾಸ್ಟಿಕ್ ಎಸೆಯಬಾರದು ಎಂಬುದು ಎಲ್ಲರಿಗೂ ಗೊತ್ತು. ನಮ್ಮ ಓಣಿಯ ಗಟಾರಕ್ಕೆ ಎಸೆದ ಚೀಲವೂ ಒಂದು ದೊಡ್ಡ ಮಳೆಗೆ ಅದೇ ಹಳ್ಳ ಸೇರಬಹುದು ಎಂಬುದು ಮರೆತುಹೋಗುತ್ತದೆ. ಕೆರೆ ಹೂತು ಮನೆ ಕಟ್ಟಿದರೆ, ಹಳ್ಳದ ಪಾತ್ರ ಒತ್ತಿಕೊಂಡರೆ, ಹೊಲಕ್ಕೆ ಒಡ್ಡು ಹಾಕದೆ ಬಿಟ್ಟರೆ ಮಳೆ ನಿಂತ ಕೆಲವೇ ದಿನಗಳಲ್ಲಿ ನದಿ ಬತ್ತುತ್ತದೆ. ಮಳೆ ನೀರು ನೆಲದಲ್ಲಿ ಇಂಗಿದಷ್ಟೂ ಹಳ್ಳಗಳ ಹರಿವು ದೀಪಾವಳಿಯಾಚೆಗೂ ಉಳಿಯುತ್ತದೆ.

ಆದ್ದರಿಂದ ಈ ಮಳೆಗಾಲದಲ್ಲಿ ಮಾಗೋಡಿಗೆ ಖಂಡಿತ ಹೋಗಿಬನ್ನಿ. ಹೋಗುವ ಮೊದಲು, ಮಳೆ ಸುರಿದು ನಿಂತ ಒಂದು ಸಂಜೆ, ಮಕ್ಕಳ ಕೈ ಹಿಡಿದು ಮನೆಯ ಮುಂದೆ ಹರಿಯುವ ನೀರಿನ ಹಿಂದೆ ನಡೆಯಿರಿ. ಅದು ಯಾವ ಕಾಲುವೆ, ಯಾವ ಕೆರೆ, ಯಾವ ಹಳ್ಳ ಸೇರುತ್ತದೆಂದು ಅವರಿಗೆ ತೋರಿಸಿ. ದಾರಿ ಗೊತ್ತಿದ್ದ ನೀರನ್ನು ಹೊಲಸು ಮಾಡಲು ಯಾರಿಗೂ ಮನಸ್ಸಾಗದು.